ಬೇಲಿಯೊಳಗಿನ ಹೊಲಗಳ ಹೆಸರು

ಶಿವರಾತ್ರಿ ಕಳೆದು ವಾರವಾಗಿತ್ತು, ನಡುಮಧ್ಯಾಹ್ನ. ರಾಯಚರ್ಲು ಪಕ್ಕದ ಊರಿನ ಪಂಚಾಯಿತಿ ಲೈಬ್ರರಿಯಲ್ಲಿ, ಅದನ್ನು ನೋಡಿಕೊಳ್ಳುವ ಗಂಗಾಂಬಿಕಾ ಕಂಪ್ಯೂಟರಿನ ಫೈಲನ್ನು ಸೇವ್ ಮಾಡಲು ಗುಂಡಿ ಒತ್ತಿದಳು. ಅದೇ ಗಳಿಗೆಗೆ ಕರೆಂಟು ಹೋಯಿತು.

"ಕಣ್ಣು ಹಾಯಿಸಿದಷ್ಟೂ ಸೋಲಾರ್ ಹಲಗೆ, ಕರೆಂಟು ಬೆಳೆಯೋ ಸೀಮೆ. ನಮ್ಗೆ ಮಾತ್ರ ಫ್ಯಾನ್ ತಿರುಗಕಿಲ್ಲ ನೋಡು" ಎಂದು ಬೆಂಚಿನ ಮೇಲೆ ಕೂತಿದ್ದ ಊರಿನ ಹಿರಿಯ ಚಿಕ್ಕನರಸಯ್ಯ ನಕ್ಕರು.

ಆ ನಗು ಕರೆಂಟು ಬರುವ ತನಕ ಅಷ್ಟೇ. ಫೈಲು ತೆರೆದರೆ ಒಂದಕ್ಷರವಿಲ್ಲ. ಪರದೆಯ ತುಂಬ ಪ್ರಶ್ನೆ ಗುರುತು, ಖಾಲಿ ಚೌಕ. ಇಪ್ಪತ್ತು ದಿನ ಚಿಕ್ಕನರಸಯ್ಯ ಬದುವಿನ ಮೇಲೆ ನಡೆಯುತ್ತ ಒಂದೊಂದು ಹೊಲದ ಹೆಸರು ಹೇಳಿದ್ದರು. ಆ ಹೆಸರುಗಳನ್ನು ಬಲ್ಲವರು ಊರಲ್ಲಿ ಇನ್ನಾರೂ ಉಳಿದಿರಲಿಲ್ಲ. ಗಂಗಾಂಬಿಕಾ ಹಿಂದೆಯೇ ನಡೆದು ಚೀಟಿಯಲ್ಲಿ ಗೀಚಿಕೊಂಡು, ಬಂದು ಟೈಪು ಮಾಡಿ, ಚೀಟಿ ಹರಿದು ಹಾಕುತ್ತಿದ್ದಳು. ಕಸ ಅಂದರೆ ಅವಳಿಗೆ ಆಗದು.

"ತಾತ, ಎಲ್ಲಾ ಹೋಯ್ತು. ಇನ್ನೊಂದ್ ಸಲ ಹೇಳ್ತೀರಾ?"

"ಕೂತ್ಕಂಡು ಹೇಳಕ್ಕೆ ಬರಕಿಲ್ಲ ಕಣಮ್ಮ. ಕಾಲು ನಡುದ್ರೇನೇ ಬಾಯಿಗೆ ಬರೋದು."

ನಡೆಯುವುದೆಲ್ಲಿ? ಸೋಮವಾರವೇ ಸೋಲಾರ್ ಕಂಪನಿಯವರು ಆ ಹೊಲಗಳ ಸುತ್ತ ಬೇಲಿ ಹಾಕಿ ಮುಚ್ಚಿಯಾಗಿತ್ತು. ಗಂಗಾಂಬಿಕಾ ಕೆಟ್ಟ ಫೈಲನ್ನು ಮುಚ್ಚಿ, ಫೈಲುಗಳ ಪಟ್ಟಿಗೆ ಬಂದಳು. ಚಿಕ್ಕನರಸಯ್ಯ ಎದ್ದು ಬಂದು ಪರದೆಯ ಹತ್ತಿರ ಮುಖ ತಂದರು. ಓದು ಅಷ್ಟಕ್ಕಷ್ಟೇ, ಆಕಾರ ಮಾತ್ರ ಕಣ್ಣಿಗೆ ಸಿಕ್ಕುತ್ತಿತ್ತು.

"ಇದೇನು, ಇವೆರಡೂ ಒಂದೇ ತರ ಅವೆ? ಇದಕ್ಕೆ ಮಾತ್ರ ಕೊನೇಲಿ ಹಾವಿನಂಗೆ ಬಾಲ?"

"ಆ ಬಾಲ ಇರೋ ಹೆಸರಿಂದು ಕಸ, ತಾತ. ಸೇವ್ ಮಾಡ್ದಾಗೆಲ್ಲ ಹಿಂದಿಂದನ್ನ ತಾನೇ ಒಂದು ನಕಲು ಎತ್ತಿಟ್ಕಂತದೆ. ದಿನಾ ಸಂಜೆ ಬಾಗ್ಲು ಹಾಕೋವಾಗ ಅಳಿಸ್ಬುಡ್ತೀನಿ..."

ಮಾತು ಅಲ್ಲೇ ನಿಂತಿತು. ಸಂಜೆ ಇನ್ನೂ ಆಗಿರಲಿಲ್ಲ.

"ತೆಗಿಯೇ ಅಮ್ಮಯ್ಯ, ಮೊದ್ಲು ತೆಗಿ! ಪೊರಕೆ ಆಮ್ಯಾಕೆ ಹಿಡ್ಕಳೀವಂತೆ."

ತೆರೆದಳು. ಹುಣಿಸೆದೊಣೆ, ಗುಂಡುಮೊರಡಿ, ಅಕ್ಕಮ್ಮನ ಮಡಿ... ಕೊನೆಗೆ ನರಿಗುಂಡಿ. ಅವಳು ಓದಿದಂತೆಲ್ಲ ಮುದುಕರ ತಲೆ ಆಡಿತು. ನೂರಾ ಎಂಬತ್ತಾರು ಹೆಸರು ಅಕ್ಷರ ಕೆಡದೆ ಇದ್ದವು. ಕಡೆಯಲ್ಲಿ ಟೈಪು ಮಾಡಿದ ಒಂಬತ್ತು ಮಾತ್ರ ಇರಲಿಲ್ಲ. ಗಂಗಾಂಬಿಕಾ ಆ ನಕಲನ್ನು ಪೆನ್‌ಡ್ರೈವಿಗೆ ಹಾಕಿ ಸೆರಗಿಗೆ ಗಂಟು ಹಾಕಿಕೊಂಡಳು.

"ಉಳಿದ ಒಂಬತ್ತು, ತಾತ?"

ಚಿಕ್ಕನರಸಯ್ಯ ಲೈಬ್ರರಿಯ ಮುಂದಿನ ಸಿಮೆಂಟು ಅಂಗಳಕ್ಕೆ ಇಳಿದರು. ಕಣ್ಣು ಮುಚ್ಚಿದರು. "ನರಿಗುಂಡಿ ದಾಟ್ದೆ. ಎಡಕ್ಕೆ ತಿರುಗ್ದೆ." ಹತ್ತು ಹೆಜ್ಜೆ ಹಾಕಿ, "ಕೆಮ್ಮಣ್ಣು ಸಾಲು. ಬರ್ಕಳಮ್ಮ" ಎಂದರು. ಮತ್ತೆ ತಿರುಗಿದರು. ಇನ್ನೊಂದು ಬಂತು. ಮತ್ತೊಂದು. ಗಂಗಾಂಬಿಕಾ ಬರೆಯುತ್ತ ಹಿಂದೆ ಹಿಂದೆಯೇ ನಡೆದಳು.

ಐದನೆಯದಾದ ಮೇಲೆ ಅವರು ನಿಂತರು. ಬಗ್ಗಿ ಪಂಚೆಯನ್ನು ಮೊಣಕಾಲ ಮೇಲಕ್ಕೆ ಎತ್ತಿಕೊಂಡರು.

"ಹಳ್ಳ ಬಂತು ಕಣಮ್ಮ. ನೋಡ್ಕಂಡು ದಾಟು."

ಕಾದ ಸಿಮೆಂಟಿನ ಮೇಲೆ ಗಂಗಾಂಬಿಕಾ ಕೂಡ ಸೀರೆಯ ನೆರಿಗೆ ಎತ್ತಿ ಹಿಡಿದು, ಮೆಲ್ಲನೆ ಕಾಲಿಟ್ಟಳು.