ಗಂಗವ್ವನ ಮುಂಗೈ

ಅಂಕಗಳು ರದ್ದಾಗಿ ಮೂರು ವರ್ಷವಾಗಿತ್ತು. ವೈದ್ಯಕೀಯ ಪರೀಕ್ಷೆಯಲ್ಲಿ ಈಗ ಪಾಸು, ಫೇಲು ಎರಡೇ. ಹಾಗಾಗಿ ಸರ್ಜರಿ ಸೀಟು ಬೇಕಾದವರು ತಾವು ಹೊಲಿಗೆ ಹಾಕಿದ ಒಬ್ಬ ರೋಗಿಯನ್ನು ಸಂದರ್ಶನಕ್ಕೆ ಕರೆತರಬೇಕಿತ್ತು. ಯಾರನ್ನು ಎಂಬುದನ್ನು ಚೀಟಿ ಎತ್ತಿ ಗೊತ್ತುಮಾಡುತ್ತಿದ್ದರು.

ಸೀಟಿಗೆ ಅರ್ಜಿ ಹಾಕಿದ್ದ ನಫೀಸಾಳಿಗೆ ಬಂದದ್ದು ಗಂಗವ್ವನ ಹೆಸರು. ಆಕೆಯ ಮುಂಗೈಯ ಹೊಲಿಗೆ ಕೀವಾಗಿ, ಕಲೆ ಸೊಟ್ಟಗೆ ಉಳಿದಿತ್ತು.

"ಮತ್ತ ಗಾಯ ಆದ್ರ ಈ ಡಾಕ್ಟರ್ ಕಡೆ ಹೋಗ್ತೀರೇನು?" ಪರೀಕ್ಷಕರು ಕೇಳಿದರು.

ಗಂಗವ್ವ ಮುಂಗೈಯನ್ನು ಅವರ ಮುಂದೆ ಚಾಚಿದಳು.

"ಕೀವಾದಾಗ 'ತಪ್ಪು ನಂದು' ಅಂದಾಕಿ ಈಕಿನ ರೀ. ಹನ್ನೊಂದು ದಿನ ಮನೀಗೆ ಬಂದು ತೊಳದು ಪಟ್ಟಿ ಕಟ್ಟಿದ್ಲು. ಈಕಿ ಕಡೇನ ಹೋಗ್ತೀನಿ," ಎಂದಳು.

ಪರೀಕ್ಷಕರು ಕಲೆಯನ್ನು ಬೆರಳಿನಿಂದ ಸವರಿದರು. ಸೀಟು ಕೊಟ್ಟರು, ಮೊದಲ ಆರು ತಿಂಗಳು ರೋಗಿಗಳ ಮೇಲೆ ಸೂಜಿ ಹಿಡಿಯುವಂತಿಲ್ಲ ಎಂಬ ಷರತ್ತಿನೊಂದಿಗೆ.