ಮತ್ತೆ ಮತ್ತೆ ಮೇಲೇರುವ ಸಾಲು

ಅದೇ ಸಾಲು ಮತ್ತೆ ಮೇಲೆ ಬಂದು ಕೂತಿತ್ತು.

ಚಂದ್ರಮೌಳಿ ಮೌಸ್ ಹಿಡಿದು ಅದನ್ನು ಎಳೆದೊಯ್ದು ಪಟ್ಟಿಯ ತಳಕ್ಕೆ ಬಿಟ್ಟ. ನಿನ್ನೆಯೂ ಹಾಗೇ ಬಿಟ್ಟಿದ್ದ.

ಮಂಡಿ ಮೊಹಲ್ಲಾದ ಬೇಳೆ ಅಂಗಡಿಯ ಮೇಲಿನ ಮಹಡಿಯಲ್ಲಿ ಅವನ ವಧೂವರ ಕೇಂದ್ರ. ಎಕ್ಸೆಲ್ ಶೀಟಿನಲ್ಲಿ ಮೇಲಿದ್ದ ಹೆಣ್ಣುಗಳ ವಿವರ ಮಾತ್ರ ಪ್ರತಿ ಸೋಮವಾರ ಗಂಡಿನ ಕಡೆಯವರ ವಾಟ್ಸಾಪಿಗೆ ಹೋಗುತ್ತಿತ್ತು. ಯಾರು ಮೇಲಿರಬೇಕು, ಯಾರು ಕೆಳಗೆ ಕೊಳೆಯಬೇಕು ಎನ್ನುವುದು ಅವನ ಮರ್ಜಿ. ಇಂಜಿನಿಯರ್ ಹುಡುಗಿಯರು ಮೇಲೆ. ದಪ್ಪಗಿರುವವರು, ಕಪ್ಪಗಿರುವವರು ನಡುವೆ. ಎರಡನೇ ಸಂಬಂಧದವರು ಕೆಳಗೆ. ಅವರಿಗಿಂತಲೂ ಕೆಳಗೆ, ಅವನು ‘ನರೆತ ಮದುಮಕ್ಕಳು’ ಎಂದು ಹೀಯಾಳಿಸುತ್ತಿದ್ದ ಹೆಂಗಸರು.

ಮೇಲೇರುತ್ತಿದ್ದ ಸಾಲು ಅಂಥದ್ದೇ. ಐವತ್ತೊಂಬತ್ತು ವರ್ಷ, ವಿಧವೆ. ಫೋಟೋ ಇಲ್ಲ. ಹೆಸರಿನ ಜಾಗದಲ್ಲಿ ‘ನಂತರ ತಿಳಿಸಲಾಗುವುದು’. ಸಂಪರ್ಕಕ್ಕೆ ಕೇಂದ್ರದ್ದೇ ನಂಬರು. ನಿರೀಕ್ಷೆ ಎಂಬಲ್ಲಿ, ‘ಸಂಜೆ ಜೊತೆಗೆ ಕೂತು ಮಾತಾಡುವವರಿದ್ದರೆ ಸಾಕು.’ ಚಂದ್ರಮೌಳಿ ಅದನ್ನು ಗಟ್ಟಿಯಾಗಿ ಓದಿ ನಕ್ಕ. ಮಾತಾಡೋಕೆ ಗಂಡ ಯಾಕೆ, ರೇಡಿಯೋ ಸಾಲದೆ ಎಂದ.

ಅವನ ಅನುಮಾನ ಕಂಪ್ಯೂಟರ್ ನೋಡಿಕೊಳ್ಳುವ ನಿಶ್ಚಿತಾಳ ಮೇಲೆ. ಅವಳ ತಾಯಿಯೂ ವಿಧವೆ. ನಿಮ್ಮಮ್ಮನಿಗೆ ಗಂಡು ಹುಡುಕೋದಾದರೆ ಬೇರೆ ಅಂಗಡಿ ನೋಡಿಕೋ ಎಂದು ಹಂಗಿಸಿದ. ಅವಳು ಕತ್ತು ಬಗ್ಗಿಸಿ ಟೈಪು ಮಾಡುತ್ತಲೇ ಇದ್ದಳು.

ಮಧ್ಯಾಹ್ನ ಎಂದಿನಂತೆ ಚಂದ್ರಮೌಳಿಯ ತಾಯಿ ಪುಟ್ಟಲಿಂಗಮ್ಮ ದಟ್ಟಗಳ್ಳಿಯಿಂದ ಬಸ್ಸಿನಲ್ಲಿ ಊಟದ ಕ್ಯಾರಿಯರ್ ತಂದರು. ಉಣ್ಣುತ್ತಾ ಅವನು ಪಟ್ಟಿಯ ಆ ಹೆಂಗಸಿನ ಕಥೆ ಹೇಳಿದ.

“ಯಾರೋ ಏನೋ. ಒಬ್ಬರೇ ಇದ್ದು ಬೇಜಾರಾಗಿರಬಹುದು ಕಣಪ್ಪ,” ಎಂದರು ಪುಟ್ಟಲಿಂಗಮ್ಮ.

“ನಿಂಗೆ ಇಂಥವರದ್ದು ಗೊತ್ತಾಗಲ್ಲ, ಬುಡು.”

ಊಟವಾದ ಮೇಲೆ ಅವನು ಒಳಕೋಣೆಯಲ್ಲಿ ಅಡ್ಡಾದ. ಅವನು ಎದ್ದು ಕಾಫಿ ಕುಡಿಯುವವರೆಗೂ ನಿಶ್ಚಿತಾಳ ಪಕ್ಕ ಕೂತಿರುವುದು ತಾಯಿಯ ವಾಡಿಕೆ.

ಮುಂದಿನ ಸೋಮವಾರ ಅವನು ಮದುವೆಯೊಂದಕ್ಕೆ ನಂಜನಗೂಡಿಗೆ ಹೋಗಿದ್ದ. ಮರಳಿ ಬಂದು ನೋಡಿದರೆ ಅದೇ ಸಾಲು ಎಲ್ಲರ ಫೋನಿಗೂ ಹೋಗಿತ್ತು. ನಿಶ್ಚಿತಾಳಿಗೆ ಬಾಯಿಗೆ ಬಂದಂತೆ ಬೈದು, ತಿಂಗಳ ಕೊನೆಗೆ ಕೆಲಸ ಬಿಡು ಎಂದುಬಿಟ್ಟ.

ತಿಂಗಳು ತುಂಬುವ ಮೊದಲೇ ಶಿವಲಿಂಗಯ್ಯ ಎಂಬುವವರು ಮೆಟ್ಟಿಲು ಹತ್ತಿ ಬಂದರು. ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಹೆಂಡತಿ ತೀರಿಹೋಗಿದ್ದರು. ಇಸ್ತ್ರಿ ಮಾಡಿದ ಬಿಳಿ ಷರಟು, ಹಣೆಯಲ್ಲಿ ವಿಭೂತಿ. ಆ ಐವತ್ತೊಂಬತ್ತರ ಹೆಂಗಸಿನ ವಿಷಯಕ್ಕೆ ಬಂದೆ ಎಂದರು.

ಚಂದ್ರಮೌಳಿ ಕುರ್ಚಿ ತೋರಿಸಲಿಲ್ಲ. ಈ ವಯಸ್ಸಿನಲ್ಲಿ ಬಾಸಿಂಗ ಕಟ್ಟಿಕೊಳ್ಳುವವರನ್ನು ಕಂಡರೆ ತನಗೆ ವಾಕರಿಕೆ ಬರುತ್ತದೆ ಎಂದ. ಮನೆಯಲ್ಲಿ ಮರ್ಯಾದೆಯಿಂದ ಇರುವ ಹೆಂಗಸಾದರೆ ಹೀಗೆ ಪಟ್ಟಿಗೆ ಬಂದು ಬೀಳುತ್ತಿದ್ದಳೇ ಎಂದು ಕೇಳಿದ. ಶಿವಲಿಂಗಯ್ಯ ನಿಂತೇ ಎಲ್ಲವನ್ನೂ ಕೇಳಿಸಿಕೊಂಡರು.

“ಇಲ್ಲಿಗೆ ಫೋನ್ ಮಾಡಿದಾಗ ಆ ಹುಡುಗಿ ಅವರ ನಂಬರು ಕೊಟ್ಟಳು. ನಾವು ಬೆಟ್ಟದ ಹತ್ತಿರ ಭೇಟಿಯಾಗಿ ಮಾತಾಡಿ ಆಯ್ತು. ಅವರೂ ಒಪ್ಪಿದ್ದಾರೆ,” ಎಂದರು.

“ಮಕ್ಕಳು ಮರಿ ಇಲ್ವೇನ್ರೀ ಆಯಮ್ಮಂಗೆ?”

“ಒಬ್ಬನೇ ಮಗ.”

“ಅವನಿಗೆ ಗೊತ್ತಾ ಈ ಘನಂದಾರಿ ಕೆಲಸ?”

“ಇಲ್ಲ. ಹೇಳೋಕೆ ಅವರಿಗೆ ಹೆದರಿಕೆ. ನಾನೇ ಹೇಳ್ತೀನಿ ಅಂದೆ.”

“ಹಂಗಾದ್ರೆ ಹೋಗಿ ಅವನಿಗೆ ಹೇಳಿ. ಇಲ್ಲಿ ಯಾಕೆ ನನ್ನ ತಲೆ ತಿಂತೀರ?”

ಶಿವಲಿಂಗಯ್ಯ ಕುರ್ಚಿ ಎಳೆದುಕೊಂಡು, ಅವನೆದುರು ಮೆಲ್ಲಗೆ ಕೂತರು.

“ಹೇಳೋಕೇ ಬಂದಿದ್ದು ಕಣಪ್ಪ. ಪುಟ್ಟಲಿಂಗಮ್ಮನವರು ಕೆಳಗೆ ಆಟೋದಲ್ಲಿ ಕಾಯ್ತಿದ್ದಾರೆ.”