ಚಿಲಕ ಎಂಬ ಫೈಲು

"ಅನುಮತಿ ಇಲ್ಲ" ಎಂದಿತು ಪರದೆ. ಪ್ರೆಸ್ಸಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಮೇಡಂ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಮತ್ತೆ ಓದಿದರು. ಅದೇ ಉತ್ತರ.

ಬೆಳಿಗ್ಗೆಯಿಂದ ಅವರು ಎಲ್ಲರ ಹೋಮ್ ಡೈರೆಕ್ಟರಿಗೂ, ಅಂದರೆ ಕಂಪ್ಯೂಟರಿನೊಳಗೆ ಒಬ್ಬೊಬ್ಬರ ಫೈಲುಗಳಿರುವ 'ಮನೆ'ಗೂ, ಹೊಸ ಪರ್ಮಿಷನ್ ಹಾಕುತ್ತಿದ್ದರು. ಅದುವರೆಗೆ ಅಲ್ಲಿ ಯಾರ ಮನೆಗೆ ಯಾರು ಬೇಕಾದರೂ ನುಗ್ಗಿ ಮೂಲೆಮೂಲೆ ನೋಡಿ ಬರಬಹುದಿತ್ತು. ಇನ್ನು ಹಾಗಿಲ್ಲ. ಹೊಸ್ತಿಲು ದಾಟಬಹುದು, ಆದರೆ ಒಳಗೆ ಏನೇನಿದೆ ಎಂದು ಕಣ್ಣಾಡಿಸುವಂತಿಲ್ಲ. ಬೇಕಾದ ಫೈಲನ್ನು ಹೆಸರು ಹಿಡಿದೇ ಕೇಳಬೇಕು. ಆ ಹೆಸರಿನದು ಇಲ್ಲದಿದ್ದರೆ ಕಂಪ್ಯೂಟರು "ಅಂಥದ್ದು ಇಲ್ಲ" ಎನ್ನುತ್ತದೆ. ಇದ್ದೂ ಅದರ ಒಡೆಯರು ತೋರಿಸಬಾರದೆಂದಿದ್ದರೆ "ಅನುಮತಿ ಇಲ್ಲ" ಎನ್ನುತ್ತದೆ. ಪಾಪ, ಅದಕ್ಕೆ ಸುಳ್ಳು ಹೇಳಲು ಬಾರದು.

ಬೀಗ ಭದ್ರವೇ ನೋಡೋಣವೆಂದು ಅವರು ತಮ್ಮ ಮಾಮೂಲಿ ಖಾತೆಯಿಂದ ಕರಡು ತಿದ್ದುವ ಮೇಷ್ಟ್ರ ಮನೆಗೆ ಹೋಗಿ, ಬಾಯಿಗೆ ಬಂದ ಹೆಸರುಗಳನ್ನು ಕೇಳಿದ್ದರು. ಬದನೆಕಾಯಿ: ಅಂಥದ್ದು ಇಲ್ಲ. ಕೊಡೆ: ಅಂಥದ್ದು ಇಲ್ಲ. ಕೊನೆಗೆ ತಮಾಷೆಗೆಂದು, ಪ್ರೆಸ್ಸಿನವರು ಬೆನ್ನ ಹಿಂದೆ ತಮ್ಮನ್ನು ಕರೆಯುವ ಅಡ್ಡಹೆಸರನ್ನೇ ಒತ್ತಿದರು. ಚಿಲಕ: ಅನುಮತಿ ಇಲ್ಲ.

ಅಂದರೆ ಇದೆ! ಮೇಷ್ಟ್ರೋ, ಊಟದ ಚೀಟಿಯಲ್ಲೂ ತಪ್ಪು ಹುಡುಕಿ ಕೆಂಪು ಗೀಟು ಎಳೆಯುವ ಆಸಾಮಿ. ನನ್ನ ತಪ್ಪುಗಳ ಪಟ್ಟಿಯೇನಾದರೂ ಇಟ್ಟಿದ್ದಾರೋ? ಮೇಡಂ ಮನಸ್ಸು ಮುದುಡಿತು. ಇಬ್ಬರೂ ಒಂಟಿ ಜೀವಗಳು. ಮೂರು ವರ್ಷದಿಂದ ಎದುರಿಗೆ ಮೇಷ್ಟ್ರು ಕೂತರೇ ಅವರಿಗೆ ಮಧ್ಯಾಹ್ನದ ಬುತ್ತಿ ರುಚಿಸುತ್ತಿತ್ತು. ಎಲ್ಲ ಬೀಗ ತೆರೆಯುವ ರೂಟ್ ಪಾಸ್‌ವರ್ಡ್ ಕೈಯಲ್ಲೇ ಇತ್ತು. ಆದರೆ ಬೇಲಿಯೇ ಎದ್ದು ಹೊಲ ಮೇಯಬಹುದೇ? ಅವರು ಎದ್ದು ನೇರ ಮೇಷ್ಟ್ರ ಮೇಜಿಗೆ ನಡೆದರು.

"ಮೇಷ್ಟ್ರೇ, ನಿಮ್ಮ ಮನೇಲಿ ನನ್ನ ಹೆಸರಿನ ಫೈಲ್ ಯಾಕಿದೆ?"

ಕೆಂಪು ಪೆನ್ನು ಕೆಳಗೆ ಬಿತ್ತು. "ಓದಿಬಿಟ್ರಾ?"

"ಇಲ್ಲ. ಅನುಮತಿ ಇಲ್ಲ ಅಂತು."

"ಇನ್ನೂ ಮುಗಿದಿಲ್ಲ ಮೇಡಂ. ಎಂಟು ತಿಂಗಳಿಂದ ತಿದ್ದುತ್ತಾನೇ ಇದೀನಿ."

"ಅಷ್ಟುದ್ದ ಇದೆಯಾ?"

"ಒಂದೇ ವಾಕ್ಯ."

ಮೇಷ್ಟ್ರು ಬೆವರೊರೆಸಿಕೊಂಡು, ಎರಡು ಬೆರಳಲ್ಲಿ ಕುಟ್ಟಿ ಕುಟ್ಟಿ, ಓದುವ ಅನುಮತಿ ಕೊಟ್ಟರು. ಮೇಡಂ ತಮ್ಮ ಕೋಣೆಗೆ ಓಡಿ ಫೈಲು ತೆರೆದರು. "ನಮ್ಮಿಬ್ಬರ ಮನೆ ಒಂದೇ ಆಗಬಹುದೇ?"

ಅವರಿಗೆ ನಗುವೂ ಬಂತು, ಕಣ್ಣೂ ತುಂಬಿತು. ಖುಷಿಗೆ ಕೂತಲ್ಲಿ ಕೂರಲಾಗದೆ ಬಾಗಿಲಿಗೆ ಬಂದು, ಅಲ್ಲಿಂದಲೇ ಕೂಗಿದರು.

"ಮೇಷ್ಟ್ರೇ, ಒಂದಕ್ಷರ ತಪ್ಪಿದೆ!"

"ತಪ್ಪಾ? ನಾನು ಬರೆದಿದ್ರಲ್ಲಾ?"

"ಹೂಂ. ಓದೋಕೆ ಮಾತ್ರ ಕೊಟ್ಟಿದೀರಿ. ತಿದ್ದೋಕೂ ಕೊಡಿ."

ಇಪ್ಪತ್ತು ವರ್ಷದಲ್ಲಿ ತಮ್ಮ ಒಂದು ಗೀಟನ್ನೂ ಯಾರಿಗೂ ತಿದ್ದಗೊಡದ ಮನುಷ್ಯ ಉಸಿರು ಬಿಗಿಹಿಡಿದು ಅದನ್ನೂ ಕೊಟ್ಟರು. ಒಂದು ನಿಮಿಷ ಕಾದು, ಹೆದರುತ್ತಲೇ ತಮ್ಮ ಫೈಲನ್ನು ತೆರೆದರು. ಕೊನೆಯ ಅಕ್ಷರದ ಏತ್ವ ಹೋಗಿ ಕೊಂಬು ಬಂದಿತ್ತು. ಪ್ರಶ್ನೆಚಿಹ್ನೆ ಇದ್ದಲ್ಲಿ ಪೂರ್ಣವಿರಾಮ.

"ನಮ್ಮಿಬ್ಬರ ಮನೆ ಒಂದೇ ಆಗಬಹುದು."